ಗಿರಣಿ ಊರಿನ ಯುವಕ ಮಂಡಳ

1970ರ ದಶಕದಲ್ಲಿ ನಾವು ನಾಲ್ಕೈದು ಜನ ಗೆಳೆಯರು ಸೊಲ್ಲಾಪುರದ ಒಂದು ಯುವಕ ಮಂಡಳದ ಕೆಲಸ ನೋಡುತ್ತಿದ್ದೆವು. ಪಗಾರವಿಲ್ಲದ ಕೆಲಸ. ಬಾಡಿಗೆಯ ಒಂದು ಖೋಲಿ, ಒಳಗೆ ಪುಸ್ತಕದ ಕಪಾಟು, ಎರಡು ಬಾಕು, ಹೊರಗೆ ಕಬಡ್ಡಿ ಆಡುವಷ್ಟು ಜಾಗ. ಹುಬ್ಬಳ್ಳಿಯಿಂದ ಬರುತ್ತಿದ್ದ ಕನ್ನಡ ಪತ್ರಿಕೆ ನಮ್ಮ ಕೈ ಸೇರುವಷ್ಟರಲ್ಲಿ ಸುದ್ದಿ ಹಳೆಯದಾಗಿರುತ್ತಿತ್ತು. ಆದರೂ ಅದಕ್ಕೆ ಜಗಳ!

ನಮ್ಮ ಊರಿನ ಗಡಿಯಾರವೆಂದರೆ ಗಿರಣಿಯ ಭೋಂಗಾ. 1870ರ ದಶಕದಲ್ಲಿ ಇಲ್ಲಿ ಮೊದಲ ಬಟ್ಟೆ ಗಿರಣಿ ನಿಂತ ಮೇಲೆ ಅಕ್ಕಲಕೋಟ, ಇಂಡಿ, ಅಫಜಲಪುರದ ಕಡೆಯಿಂದ ಕನ್ನಡಿಗರು, ತೆಲಂಗಾಣದಿಂದ ನೇಕಾರರು ಬಂದು ನೆಲೆಸಿದರು. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಗಿರಣಿಯಲ್ಲಿ ಮರಾಠಿ. ನಮ್ಮ ಕಬಡ್ಡಿ ತಂಡದಲ್ಲಿ ಮೂರೂ ಭಾಷೆಯ ಬೈಗುಳ ಚಲಾವಣೆಯಲ್ಲಿದ್ದವು.

ಜನವರಿ ಬಂದರೆ ಕೈತುಂಬ ಕೆಲಸ. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ನಂತರ ಊರು ಸಿಡಿದೆದ್ದಾಗ ಬ್ರಿಟಿಷರು ಇಲ್ಲಿ ಲಷ್ಕರಿ ಕಾಯದೆ ಹೇರಿದ್ದರು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಅಂದು ನಾವು ಹುತಾತ್ಮರಿಗೆ ಹಾರ ಹಾಕಿ, ಅದೇ ವಾರ ಸಿದ್ಧರಾಮೇಶ್ವರ ಜಾತ್ರೆಯ ನಂದಿಧ್ವಜದ ಮೆರವಣಿಗೆಯಲ್ಲಿ ನೀರು ಕೊಡಲು ನಿಲ್ಲುತ್ತಿದ್ದೆವು.

ಆದರೆ ನಮಗೆ ಹೆಚ್ಚು ನೆನಪಿರುವುದು ರಾತ್ರಿ ಶಾಲೆ. 1972ರ ಬರದಲ್ಲಿ ಹಳ್ಳಿಗಳಿಂದ ಎಷ್ಟೋ ಮನೆತನಗಳು ಊರಿಗೆ ಬಂದವು. ಬಿಸಿಲಲ್ಲಿ ಖಡಿ ಒಡೆದು ಬಂದ ಹುಡುಗರಿಗೆ ಕನ್ನಡ ಅಕ್ಷರ ಕಲಿಸಲು ಹೊರಟೆವು. ಮಹಾಜನ ವರದಿ 1967ರಲ್ಲೇ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ ಭಾಗಗಳನ್ನು ಕರ್ನಾಟಕಕ್ಕೆ ಸೇರಿಸಲು ಹೇಳಿತ್ತಲ್ಲ, ಇಂದಲ್ಲ ನಾಳೆ ಆದೀತು ಎಂಬ ಹುರುಪು ನಮ್ಮದು. ಒಂದು ದಿನ ಒಬ್ಬ ಹುಡುಗನ ತಂದೆ ಬಾಗಿಲಲ್ಲೇ ನಿಂತು, "ಕನ್ನಡ ಕಲ್ತು ಗಿರಣ್ಯಾಗ ಏನ್ ಮಾಡ್ತಾನ್ರಿ ಮಾಸ್ತರ? ಪಗಾರ ಚೀಟಿ ಮರಾಠಿಯೊಳಗ ಇರ್ತದ" ಅಂದರು. ನಾವು ಅಂದು ಅಭಿಮಾನದ ಭಾಷಣವನ್ನೇ ಮಾಡಿಬಿಟ್ಟೆವು. ಮರುದಿನದಿಂದ ಹುಡುಗ ಬರಲಿಲ್ಲ. ಅವನ ಜೊತೆಯವರೂ ಇಬ್ಬರು ಬಿಟ್ಟರು. ತಪ್ಪು ನಮ್ಮದೇ.

ನಮ್ಮಲ್ಲೇ ವಾದ ಆಯಿತು, ಒಬ್ಬ ಗೆಳೆಯ ಸಿಟ್ಟಾಗಿ ಮಂಡಳವನ್ನೇ ಬಿಟ್ಟ. ಕೊನೆಗೆ ಅರ್ಧ ತಾಸು ಮರಾಠಿ, ಅರ್ಧ ತಾಸು ಕನ್ನಡ ಎಂದು ಗೊತ್ತುಮಾಡಿದೆವು. ಮರಾಠಿ ಮುಗಿಯುತ್ತಲೇ ಅರ್ಧ ವರ್ಗ ಖಾಲಿ! ದಾರಿ ತೋರಿಸಿದ್ದು ಅಂಚೆಯ ಇನ್‌ಲ್ಯಾಂಡ್ ಪತ್ರ. ಹಳ್ಳಿಯಿಂದ ಬಂದ ಕನ್ನಡ ಕಾಗದ ಹಿಡಿದು ಓದಿಸಲು ಹುಡುಗರು ನಮ್ಮ ಬಳಿ ಬರುತ್ತಿದ್ದರು. ಸಾಲದ ಮಾತು, ಎಮ್ಮೆ ಮಾರಿದ್ದು, ತಂಗಿಯ ಲಗ್ನ. ಎಲ್ಲರೆದುರು ಮನೆಯ ಗುಟ್ಟು ಓದಿಸಲು ಅವರಿಗೆ ನಾಚಿಕೆ. ಬಟವಾಡೆಯ ಮರುದಿನ ಕನ್ನಡದ ಅರ್ಧ ತಾಸನ್ನು ಪತ್ರ ಬರೆಯುವ ತಾಸು ಮಾಡಿದೆವು. "ಅವ್ವಗ ನಮಸ್ಕಾರ" ಎಂಬಲ್ಲಿಂದಲೇ ಪಾಠ ಶುರು, ಅ ಆ ಇ ಈ ಆಮೇಲೆ. ಬಾಕು ತುಂಬಿತು. ತೆಲುಗು ಮನೆಯ ಇಬ್ಬರು ಹುಡುಗರೂ ಬಂದು ಕೂತರು, ಯಾಕೆಂದು ಕೇಳಲಿಲ್ಲ ನಾವು.

ಮೊದಲು ಬಿಟ್ಟುಹೋದ ಹುಡುಗ ಮಾತ್ರ ತಿರುಗಿ ಬರಲಿಲ್ಲ.

ಮುಂದೆ ಖೋಲಿಯ ಮಾಲಕರು ಜಾಗ ಬೇಕೆಂದರು, ಮಂಡಳ ಮುಚ್ಚಿತು. ದೊಡ್ಡ ಗಿರಣಿಗಳೂ ಒಂದೊಂದಾಗಿ ನಿಂತವು. ಪತ್ರ ಬರೆಯಲು ಕಲಿತವರಲ್ಲಿ ಮೂವರು ತಮ್ಮ ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಿದರು. ಉಳಿದವರು ಮರಾಠಿ ಶಾಲೆಗೆ ಹಾಕಿದರು, ನಾವು ಈ ಸಲ ಭಾಷಣ ಮಾಡಲಿಲ್ಲ.