ಬೊಂಬಾಯಿ ರಕ್ತವರ್ಗದ ಶೋಧವೂ ಕರ್ಣಾಟಕದ ಸೋದರಸಂಬಂಧವೂ

ಒಬ್ಬರ ರಕ್ತವನ್ನು ಮತ್ತೊಬ್ಬರಿಗೆ ಪೂರಣಮಾಡುವ ಕ್ರಮವು, 1901ರಲ್ಲಿ ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರನು ರಕ್ತವರ್ಗಗಳನ್ನು ಪ್ರಕಟಿಸಿದಂದಿನಿಂದ ಶಾಸ್ತ್ರವೆನಿಸಿಕೊಂಡಿತು. ಎ, ಬಿ ಎಂಬ ಎರಡು ಗುಣಗಳೂ ಇಲ್ಲದ ರಕ್ತಕ್ಕೆ ಮುಂದೆ ಓ ಎಂದು ಹೆಸರಾಯಿತು. ಓ ವರ್ಗದವರು ಯಾರಿಗಾದರೂ ರಕ್ತ ಕೊಡಬಲ್ಲರೆಂಬ ಸೂತ್ರವು ವೈದ್ಯರಲ್ಲಿ ಬಹುಕಾಲ ರೂಢವಾಗಿದ್ದಿತು. ಅದಕ್ಕೆ ಅಪವಾದವುಂಟೆಂದು ತೋರಿಸಿದ ಕೀರ್ತಿಯು ಬೊಂಬಾಯಿಯ ವೈ. ಎಂ. ಭೇಂಡೆಯವರಿಗೂ ಅವರ ಜತೆಗಾರರಾದ ಸಿ. ಕೆ. ದೇಶಪಾಂಡೆ, ಎಚ್. ಎಂ. ಭಾಟಿಯಾ ಇವರಿಗೂ ಸಲ್ಲತಕ್ಕದ್ದು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರಕನ್ನಡ ಜಿಲ್ಲೆಗಳು 1956ರವರೆಗೂ ಬೊಂಬಾಯಿ ರಾಜ್ಯಕ್ಕೆ ಸೇರಿದ್ದುವಾದುದರಿಂದ ಈ ಶೋಧವನ್ನು ನಾವು ಪರರದ್ದೆಂದು ಭಾವಿಸಬೇಕಾದುದಿಲ್ಲ.

ಅವರಿಗೆ ಎದುರಾದ ಸಂಗತಿಯು ವಿಚಿತ್ರವಾದುದು. ಮೂವರ ರಕ್ತಕಣಗಳು ಪರೀಕ್ಷೆಯಲ್ಲಿ ಓ ವರ್ಗದಂತೆಯೇ ತೋರಿದುವು. ಆದರೆ ಅವರ ರಕ್ತರಸವು ಓ ವರ್ಗದ ಕಣಗಳನ್ನು ಸಹ ಗಂಟುಗಟ್ಟಿಸಿತು. ಲಂಡನ್ನಿನ ರೇಸ್, ಸ್ಯಾಂಗರ್, ಮಾರ್ಗನ್, ವಾಟ್ಕಿನ್ಸ್ ಇವರ ಸಹಾಯದಿಂದ ವಿಷಯವನ್ನು ಪರಿಶೋಧಿಸಿ, 1952ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಓ ರಕ್ತವೆಂಬುದು ಬರಿಯ ಶೂನ್ಯವಲ್ಲ. ಅದರ ಕಣಗಳ ಮೇಲೆ ಎಚ್ ಎಂಬ ದ್ರವ್ಯವಿದೆ. ಎ ಮತ್ತು ಬಿ ಗುಣಗಳು ಹುಟ್ಟುವುದು ಆ ತಳಹದಿಯ ಮೇಲೆಯೇ. ಬೊಂಬಾಯಿಯ ಮೂವರಲ್ಲಿ ಇಲ್ಲದಿದ್ದುದು ಈ ತಳಹದಿ. ತಳಹದಿಯಿಲ್ಲದಲ್ಲಿ ಮೇಲ್ಕಟ್ಟಡವಿದ್ದೂ ಕಾಣದು: ಇಂಥವರಲ್ಲಿ ಎ ಅಥವಾ ಬಿ ವಂಶವಾಹಿಯು ಅಡಗಿದ್ದು ಮಕ್ಕಳಲ್ಲಿ ತಲೆಯೆತ್ತಬಹುದೆಂಬುದನ್ನು 1955ರಲ್ಲಿ ಲೆವೀನ್ ಮೊದಲಾದವರು ಅಮೆರಿಕದ ಒಂದು ಕುಟುಂಬದಲ್ಲಿ ತೋರಿಸಿಕೊಟ್ಟರು.

ಇದು ಕೇವಲ ವಿದ್ವಾಂಸರ ಕುತೂಹಲದ ವಿಷಯವಲ್ಲ. ಕಣಗಳನ್ನು ಮಾತ್ರ ನೋಡಿ ರಕ್ತರಸವನ್ನು ಪರೀಕ್ಷಿಸದೆ ಬಿಟ್ಟರೆ ಈ ವರ್ಗದವನು ಓ ಎಂದೇ ಬರೆಯಲ್ಪಡುವನು. ಓ ರಕ್ತವನ್ನೇ ಕೊಟ್ಟರೆ ಅದು ಅವನ ದೇಹದಲ್ಲಿ ಒಡೆದು ಪ್ರಾಣಾಪಾಯವಾಗುವುದು. ಅವನ ರಕ್ತಕಣಗಳನ್ನು ಎಲ್ಲ ವರ್ಗದವರಿಗೂ ಕೊಡಬಹುದು, ಅವನಿಗೆ ಮಾತ್ರ ತನ್ನ ವರ್ಗದವರದೇ ಆಗಬೇಕು. ಬೊಂಬಾಯಿಯಲ್ಲಿ 7,600 ಜನರಿಗೊಬ್ಬರು ಇಂಥವರೆಂದು ಭಾಟಿಯಾ ಮತ್ತು ಸಾಠೆಯವರು 1974ರಲ್ಲಿ ಗಣಿಸಿದರು.

ಈ ಕೊರತೆಯು ಪ್ರಕಟವಾಗಬೇಕಾದರೆ ಮಗುವಿಗೆ ತಂದೆತಾಯಿಗಳಿಬ್ಬರಿಂದಲೂ ಅದು ಬರಬೇಕು. ಇಲ್ಲಿಯೇ ನಮ್ಮ ನಾಡಿನ ಸೋದರಸಂಬಂಧದ ಪ್ರಶ್ನೆಯು ಏಳುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಎನ್. ಅಪ್ಪಾಜಿರಾಯರೂ ಎ. ಎಚ್. ಬಿಟಲ್ಸರೂ ಸೇರಿ ಬೆಂಗಳೂರು ಮೈಸೂರುಗಳಲ್ಲಿ 1980ರಿಂದ 1989ರವರೆಗಿನ ಒಂದು ಲಕ್ಷಕ್ಕೂ ಮೀರಿದ ವಿವಾಹಗಳನ್ನು ಪರಿಶೀಲಿಸಲಾಗಿ, ಸುಮಾರು ಮೂರರಲ್ಲೊಂದು ರಕ್ತಸಂಬಂಧಿಗಳ ನಡುವೆಯೇ ಆಗಿದ್ದಿತು. ಅಕ್ಕನ ಮಗಳನ್ನೂ ಸೋದರಮಾವನ ಮಗಳನ್ನೂ ತರುವ ಪದ್ಧತಿಯಿಂದ ಇಂಥ ಅಪೂರ್ವ ಗುಣಗಳು ಜೋಡಿಯಾಗುವ ಸಂಭವವು ಹೆಚ್ಚುವುದು ಗಣಿತಸಿದ್ಧ. ಪದ್ಧತಿಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅದಕ್ಕೆ ಇನ್ನೊಂದು ಮುಖವೂ ಉಂಟು.

ಆ ಮುಖವು ಕಾಣುವುದು ಅಸ್ಥಿಮಜ್ಜೆಯ ಆಕರಕೋಶಗಳನ್ನು ನಾಟುವ ಚಿಕಿತ್ಸೆಯಲ್ಲಿ. ಇದನ್ನು ಡೊನಾಲ್ ಥಾಮಸ್ 1957ರಲ್ಲಿ ಅಮೆರಿಕದಲ್ಲಿ ಆರಂಭಿಸಿ 1990ರಲ್ಲಿ ನೊಬೆಲ್ ಬಹುಮಾನವನ್ನು ಪಡೆದನು. ಭಾರತದಲ್ಲಿ 1983ರಲ್ಲಿ ಬೊಂಬಾಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಮೊದಲಾಯಿತು. ಮಜ್ಜೆಯಲ್ಲಿ ಹೊಂದಬೇಕಾದುದು ಕೆಂಪುಕಣದ ವರ್ಗವಲ್ಲ, 1958ರಲ್ಲಿ ಜಾನ್ ದೊಸ್ಸೆ ತೋರಿಸಿದ ಬಿಳಿಯ ಕಣಗಳ ಗುಣ. ಒಡಹುಟ್ಟಿದವರಲ್ಲಿ ಅದು ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲೊಂದು. ತಂದೆತಾಯಿಗಳು ರಕ್ತಸಂಬಂಧಿಗಳಾದರೆ ಒಡಹುಟ್ಟಿದವರಾಚೆ, ಹೆತ್ತವರಲ್ಲಿಯೂ ಬಂಧುಗಳಲ್ಲಿಯೂ ಹೊಂದುವ ದಾನಿಯು ದೊರೆಯುವ ಆಶೆ ಹೆಚ್ಚು. ಅಪೂರ್ವ ರಕ್ತವನ್ನು ಕೂಡಿಸುವ ಸಂಬಂಧವೇ ಮಜ್ಜೆಯ ದಾನಿಯನ್ನೂ ಒದಗಿಸಬಹುದು.

ನಾಟಿದ ಮಜ್ಜೆಯು ಬೇರೂರಿದ ಬಳಿಕ ರೋಗಿಯ ಕೆಂಪುಕಣಗಳು ಕ್ರಮೇಣ ದಾನಿಯ ವರ್ಗದವಾಗುವುವು. ಬೊಂಬಾಯಿ ವರ್ಗದ ಮಗುವಿಗೆ ಥಲಸ್ಸೀಮಿಯಾ ಬಂದರೆ, ಅಲ್ಲಿಯವರೆಗೆ ಅದರ ಪೂರಣಕ್ಕೆ ಅದೇ ವರ್ಗದ ಕೆಲವೇ ದಾನಿಗಳು ಗತಿ. ಅದರ ರಕ್ತರಸದಲ್ಲಿರುವ ಎಚ್ ವಿರೋಧವು ಕೂಡಲೇ ಅಳಿಯುವುದಿಲ್ಲವಾಗಿ, ಹೊಸ ಕಣಗಳು ಹುಟ್ಟುವಾಗಲೂ ವೈದ್ಯನು ಎಚ್ಚರದಿಂದಿರಬೇಕು. ಬೆಂಗಳೂರಿನ ಸಂಕಲ್ಪ ಇಂಡಿಯಾ ಪ್ರತಿಷ್ಠಾನವು ಬೊಂಬಾಯಿ ವರ್ಗದ ದಾನಿಗಳನ್ನು ಒಂದುಗೂಡಿಸುವ ಕಾರ್ಯವನ್ನೂ, ಥಲಸ್ಸೀಮಿಯಾ ಪೀಡಿತ ಮಕ್ಕಳಿಗೆ ಮಜ್ಜೆ ನಾಟಿಸುವ ಕಾರ್ಯವನ್ನೂ ಕೈಕೊಂಡಿರುವುದು.