ನ್ಯಾಯಪೀಠದಲ್ಲಿ ‘ನಮ್ಮವರು’

ವಿಮೋಚನಾಕಾಂಡದ ಹದಿನೆಂಟನೆಯ ಅಧ್ಯಾಯ ನಿಮಗೆ ನೆನಪಿರಬಹುದು. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯಗಳನ್ನು ತೀರಿಸುತ್ತಿದ್ದ ಮೋಶೆಯನ್ನು ಕಂಡು ಅವನ ಮಾವ ಇತ್ರೋ ಮರುಗುತ್ತಾನೆ. ಈ ಹೊರೆಯನ್ನು ಹಂಚಿಕೊಳ್ಳಲು ಬೇರೆ ನ್ಯಾಯಾಧಿಪತಿಗಳನ್ನು ಆರಿಸಿಕೋ ಎಂದು ಬುದ್ಧಿ ಹೇಳುತ್ತಾನೆ. ಎಂಥವರನ್ನು ಆರಿಸಬೇಕು? ಸಾಮರ್ಥ್ಯ, ದೈವಭಯ, ಸತ್ಯನಿಷ್ಠೆ, ಲಂಚಕ್ಕೆ ಹೇಸುವ ಮನಸ್ಸು, ಈ ನಾಲ್ಕೂ ಇರುವವರನ್ನು. ಒಂದು ಗುಣವಿದ್ದರೆ ಉಳಿದ ಮೂರು ಬೇಡವೆಂದು ಅವನು ಹೇಳುವುದಿಲ್ಲ. ತೀರ್ಪು ನಿನಗೆ ಒಪ್ಪುವಂತೆ ಕೊಡುವವರನ್ನು ಆರಿಸು ಎಂದೂ ಹೇಳುವುದಿಲ್ಲ.

ಈ ಪುರಾತನ ಸಲಹೆಯನ್ನು ನೆನಪಿಸುವ ಒಂದು ಪ್ರಸಂಗ 2005ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದಲ್ಲಿ ನಡೆಯಿತು. ದೇಶದ ಅಧ್ಯಕ್ಷರು ಸರ್ವೋಚ್ಚ ನ್ಯಾಯಾಲಯಕ್ಕೆ ಹೆಸರಿಸಿದ ಮಹಿಳೆಯೊಬ್ಬರನ್ನು ವಿರೋಧ ಪಕ್ಷದವರಲ್ಲ, ಅಧ್ಯಕ್ಷರ ಬೆಂಬಲಿಗರೇ ಇಪ್ಪತ್ತನಾಲ್ಕು ದಿನಗಳಲ್ಲಿ ಹಿಂದೆ ಸರಿಯುವಂತೆ ಮಾಡಿದರು. ಆ ದಿನಗಳಲ್ಲಿ ಕ್ರೈಸ್ತ ವಿಶ್ವಾಸದ ಹೆಸರು ಮತ್ತೆ ಮತ್ತೆ ಕೇಳಿಬಂದುದರಿಂದ ಆ ಕಥೆಯನ್ನು ನಾವೂ ತಿಳಿದಿರುವುದು ಒಳ್ಳೆಯದು.

ಒಂದು ತೀರ್ಪಿನ ನೆರಳು

ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ ಒಂಬತ್ತು ನ್ಯಾಯಮೂರ್ತಿಗಳಿರುತ್ತಾರೆ. ನಮ್ಮ ದೇಶದಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳು 65ನೆಯ ವಯಸ್ಸಿಗೆ ನಿವೃತ್ತರಾಗುತ್ತಾರೆ. ಅಲ್ಲಿ ಅಂಥ ವಯೋಮಿತಿ ಇಲ್ಲ. ತಾವಾಗಿ ಬಿಟ್ಟುಕೊಡುವವರೆಗೆ ಅಥವಾ ಸಾಯುವವರೆಗೆ ಅವರು ಪೀಠದಲ್ಲಿರಬಹುದು. ಅಧ್ಯಕ್ಷರು ಹೆಸರನ್ನು ಸೂಚಿಸಬೇಕು, ಸೆನೆಟ್ ಸಭೆ ಮತದ ಮೂಲಕ ಒಪ್ಪಬೇಕು. ಆದುದರಿಂದ ಒಂದು ಸ್ಥಾನ ತೆರವಾದರೆ ಮುಂದಿನ ಇಪ್ಪತ್ತು ಮೂವತ್ತು ವರ್ಷಗಳ ನ್ಯಾಯದ ದಿಕ್ಕು ಅದರಿಂದ ನಿರ್ಧಾರವಾಗಬಹುದು.

1973ರಲ್ಲಿ ‘ರೋ’ ಮೊಕದ್ದಮೆ ಎಂದು ಹೆಸರಾದ ವ್ಯಾಜ್ಯದಲ್ಲಿ ಈ ನ್ಯಾಯಾಲಯವು ಏಳು ಮತ್ತು ಎರಡರ ಬಹುಮತದಿಂದ ಗರ್ಭಪಾತವನ್ನು ಸಂವಿಧಾನದ ರಕ್ಷಣೆಯುಳ್ಳ ಹಕ್ಕೆಂದು ಸಾರಿತು. ಗರ್ಭಸ್ಥ ಶಿಶುವಿನ ಜೀವವನ್ನು ಪವಿತ್ರವೆಂದು ನಂಬುವ ಕಥೋಲಿಕರಿಗೂ ಇವಾಂಜೆಲಿಕಲ್ ಕ್ರೈಸ್ತರಿಗೂ ಇದು ಆಘಾತವಾಗಿತ್ತು. ಸಂವಿಧಾನದಲ್ಲಿ ಬರೆದಿಲ್ಲದ ಹಕ್ಕನ್ನು ನ್ಯಾಯಾಧೀಶರು ಹುಟ್ಟುಹಾಕಿದರೆಂದು ಸಂಪ್ರದಾಯವಾದಿ ಕಾನೂನು ಪಂಡಿತರೂ ಆಕ್ಷೇಪಿಸಿದರು. ಈ ಎರಡು ಧಾರೆಗಳು ಕೂಡಿ ಒಂದು ದೊಡ್ಡ ಚಳವಳಿಯಾಯಿತು. ತೀರ್ಪನ್ನು ಬದಲಿಸಬೇಕಾದರೆ ತೀರ್ಪು ಕೊಡುವವರನ್ನು ಬದಲಿಸಬೇಕು ಎಂಬುದು ಅದರ ಸರಳ ಲೆಕ್ಕ.

ಲೆಕ್ಕ ಸರಳವಾಗಿದ್ದರೂ ಫಲ ಕೈಗೆ ಸಿಗಲಿಲ್ಲ. 1987ರಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಅವರು ರಾಬರ್ಟ್ ಬೋರ್ಕ್ ಎಂಬ ವಿದ್ವಾಂಸರನ್ನು ಹೆಸರಿಸಿದರು. ಬೋರ್ಕ್ ತಮ್ಮ ಅಭಿಪ್ರಾಯಗಳನ್ನು ವರ್ಷಗಳ ಕಾಲ ಬಹಿರಂಗವಾಗಿ ಬರೆದಿದ್ದರು. ಆ ಬರಹಗಳೇ ಅವರಿಗೆ ಮುಳುವಾದವು. ಸೆನೆಟ್ 58 ಮತಗಳಿಂದ ಅವರನ್ನು ತಿರಸ್ಕರಿಸಿತು. ಪರವಾಗಿ ಬಂದವು 42. ಆ ಸ್ಥಾನಕ್ಕೆ ಆಂಥೊನಿ ಕೆನೆಡಿ ಬಂದರು. ಹೆಚ್ಚು ಬರೆಯದವರೇ ಕ್ಷೇಮವೆಂಬ ಪಾಠವನ್ನು ಶ್ವೇತಭವನ ಕಲಿತಿತು. 1990ರಲ್ಲಿ ಅಧ್ಯಕ್ಷ ಜಾರ್ಜ್ ಬುಷ್ (ಹಿರಿಯರು) ಅವರು ಹೊರಗಿನ ಜಗತ್ತಿಗೆ ಅಷ್ಟಾಗಿ ಪರಿಚಯವಿಲ್ಲದ ಡೇವಿಡ್ ಸೂಟರ್ ಅವರನ್ನು ಆರಿಸಿದರು. ಇವರು ನಮ್ಮವರೇ ಎಂಬ ಭರವಸೆ ಸಂಪ್ರದಾಯವಾದಿಗಳಿಗೆ ದೊರೆಯಿತು. ಆದರೆ 1992ರಲ್ಲಿ ‘ಕೇಸಿ’ ಮೊಕದ್ದಮೆ ಬಂದಾಗ ಸೂಟರ್, ಕೆನೆಡಿ ಮತ್ತು ಸ್ಯಾಂಡ್ರಾ ಡೇ ಓಕಾನರ್ ಮೂವರೂ ಜೊತೆಗೂಡಿ ‘ರೋ’ ತೀರ್ಪಿನ ತಿರುಳನ್ನು ಉಳಿಸಿದರು. ಮೂವರನ್ನೂ ನೇಮಿಸಿದ್ದವರು ರಿಪಬ್ಲಿಕನ್ ಅಧ್ಯಕ್ಷರು. ಅಂದಿನಿಂದ ಚಳವಳಿಯವರ ಬಾಯಲ್ಲಿ ಒಂದು ಮಾತು ನೆಲೆಯೂರಿತು: ಇನ್ನೊಬ್ಬ ಸೂಟರ್ ನಮಗೆ ಬೇಡ.

ತೆರವಾದ ಸ್ಥಾನ

2005ರ ಜುಲೈ 1ರಂದು ಓಕಾನರ್ ತಮ್ಮ ನಿವೃತ್ತಿಯನ್ನು ಪ್ರಕಟಿಸಿದರು. 1981ರಲ್ಲಿ ಆ ಪೀಠವೇರಿದ ಪ್ರಥಮ ಮಹಿಳೆ ಅವರು. ಪತಿಯನ್ನು ಮರೆವಿನ ಕಾಯಿಲೆಯಾದ ಆಲ್‌ಜೈಮರ್ಸ್ ಆವರಿಸುತ್ತಿತ್ತು. ಅವರ ಸೇವೆಗೆಂದು ದೇಶದ ಅತ್ಯುನ್ನತ ಹುದ್ದೆಗಳಲ್ಲೊಂದನ್ನು ಅವರು ಬಿಟ್ಟುಕೊಟ್ಟರು. ಎಷ್ಟೋ ವ್ಯಾಜ್ಯಗಳಲ್ಲಿ ನಾಲ್ಕು ನಾಲ್ಕರ ನಡುವೆ ಐದನೆಯ ಮತ ಅವರದಾಗಿತ್ತು. ಆದುದರಿಂದ ಅವರ ಜಾಗಕ್ಕೆ ಬರುವವರ ಮೇಲೆ ಎಲ್ಲರ ಕಣ್ಣು ನೆಟ್ಟಿತು.

ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಮೊದಲು ಜಾನ್ ರಾಬರ್ಟ್ಸ್ ಅವರ ಹೆಸರನ್ನು ಸೂಚಿಸಿದರು. ಸೆಪ್ಟೆಂಬರ್ 3ರಂದು ಮುಖ್ಯ ನ್ಯಾಯಮೂರ್ತಿ ವಿಲಿಯಂ ರೆನ್‌ಕ್ವಿಸ್ಟ್ ನಿಧನರಾದಾಗ ರಾಬರ್ಟ್ಸ್ ಅವರನ್ನು ಆ ಹಿರಿಯ ಸ್ಥಾನಕ್ಕೆ ಬದಲಾಯಿಸಿದರು. ಓಕಾನರ್ ಅವರ ಸ್ಥಾನ ಮತ್ತೆ ಬರಿದಾಗಿ ಉಳಿಯಿತು. ಅಕ್ಟೋಬರ್ 3ರಂದು ಬುಷ್ ಅದಕ್ಕೆ ತಮ್ಮ ಶ್ವೇತಭವನದ ಕಾನೂನು ಸಲಹೆಗಾರ್ತಿ ಹ್ಯಾರಿಯೆಟ್ ಮೈಯರ್ಸ್ ಅವರನ್ನು ಹೆಸರಿಸಿದರು.

ಮೈಯರ್ಸ್ ಸಾಮಾನ್ಯರಾಗಿರಲಿಲ್ಲ. ಡಲ್ಲಾಸ್ ನಗರದ ವಕೀಲರ ಸಂಘಕ್ಕೂ ಬಳಿಕ ಟೆಕ್ಸಾಸ್ ರಾಜ್ಯದ ವಕೀಲರ ಸಂಘಕ್ಕೂ ಅಧ್ಯಕ್ಷೆಯಾದ ಮೊದಲ ಮಹಿಳೆ ಅವರು. ಡಲ್ಲಾಸ್ ನಗರಸಭೆಯ ಸದಸ್ಯೆಯೂ ಆಗಿದ್ದರು. ದುಡಿಮೆಯಲ್ಲಿ ಅವರಷ್ಟು ಶ್ರದ್ಧೆಯುಳ್ಳವರು ವಿರಳವೆಂದು ಬಲ್ಲವರು ಹೇಳುತ್ತಿದ್ದರು. ಆದರೆ ಅವರು ಎಂದೂ ನ್ಯಾಯಾಧೀಶರಾಗಿರಲಿಲ್ಲ. ಸಂವಿಧಾನದ ಗಹನ ಪ್ರಶ್ನೆಗಳ ಬಗ್ಗೆ ಅವರು ಬರೆದುದೂ ಕಾಣುವಷ್ಟಿರಲಿಲ್ಲ. ಎಲ್ಲಕ್ಕಿಂತ ಎದ್ದು ಕಾಣುತ್ತಿದ್ದುದು ಅಧ್ಯಕ್ಷರೊಂದಿಗಿನ ವರ್ಷಗಳ ಆಪ್ತತೆ. ಹಿಂದೆ ಬುಷ್ ಅವರ ಖಾಸಗಿ ವಕೀಲೆಯೂ ಅವರೇ ಆಗಿದ್ದರು.

ಇಪ್ಪತ್ತನಾಲ್ಕು ದಿನಗಳು

ಅಂದು ಸೆನೆಟ್ಟಿನ ನೂರು ಸ್ಥಾನಗಳಲ್ಲಿ 55 ರಿಪಬ್ಲಿಕನ್ನರವು. ವಿರೋಧ ಪಕ್ಷದ ನಾಯಕರು ಮೈಯರ್ಸ್ ಅವರ ಬಗ್ಗೆ ಸೌಮ್ಯವಾಗಿಯೇ ಮಾತನಾಡಿದ್ದರು. ಹಾಗಿದ್ದೂ ಕೆಲವೇ ಗಂಟೆಗಳಲ್ಲಿ ಅಧ್ಯಕ್ಷರ ಪಾಳೆಯದಿಂದಲೇ ಪ್ರತಿಭಟನೆ ಎದ್ದಿತು. ಪತ್ರಿಕಾ ಸಂಪಾದಕ ವಿಲಿಯಂ ಕ್ರಿಸ್ಟಲ್, ಅಂಕಣಕಾರರಾದ ಜಾರ್ಜ್ ವಿಲ್ ಮತ್ತು ಚಾರ್ಲ್ಸ್ ಕ್ರೌಥಮರ್, ಹಿಂದೊಮ್ಮೆ ಬುಷ್ ಅವರಿಗೇ ಭಾಷಣ ಬರೆದುಕೊಡುತ್ತಿದ್ದ ಡೇವಿಡ್ ಫ್ರಮ್, ಕೊನೆಗೆ ಸೆನೆಟ್ಟಿನಿಂದ ತಿರಸ್ಕೃತರಾಗಿದ್ದ ಬೋರ್ಕ್ ಸಹ ಈ ಆಯ್ಕೆಯನ್ನು ಖಂಡಿಸಿದರು. ಇಪ್ಪತ್ತು ವರ್ಷಗಳಿಂದ ಸಿದ್ಧಪಡಿಸಿದ ಪ್ರಖರ ಕಾನೂನು ಪಂಡಿತರ ಒಂದು ಪೀಳಿಗೆಯೇ ಕಾದು ನಿಂತಿರುವಾಗ ಆಪ್ತರನ್ನು ಆರಿಸಿದ್ದು ಸರಿಯಲ್ಲ ಎಂಬುದು ಅವರ ವಾದ.

ಅಧ್ಯಕ್ಷರ ಉತ್ತರ ಏನಾಗಿತ್ತು? ನಾನು ಆಕೆಯನ್ನು ಬಲ್ಲೆ, ಆಕೆಯ ಹೃದಯವನ್ನು ಬಲ್ಲೆ, ನನ್ನನ್ನು ನಂಬಿ ಎಂಬುದೇ ಅದರ ಸಾರ. ಆ ಮಾತು ಸಾಲದೆ ಹೋದಾಗ ಶ್ವೇತಭವನದವರು ಮತ್ತೊಂದು ದಾರಿ ಹಿಡಿದರು. ಮೈಯರ್ಸ್ ಡಲ್ಲಾಸಿನ ಒಂದು ಇವಾಂಜೆಲಿಕಲ್ ಚರ್ಚಿನ ನಿಷ್ಠಾವಂತ ಸದಸ್ಯೆ. ಈ ಸಂಗತಿಯನ್ನು ಧಾರ್ಮಿಕ ಮುಖಂಡರ ಕಿವಿಗೆ ಮುಟ್ಟಿಸಲಾಯಿತು. ರೇಡಿಯೊ ಮೂಲಕ ಲಕ್ಷಾಂತರ ಕುಟುಂಬಗಳನ್ನು ತಲುಪುತ್ತಿದ್ದ ಜೇಮ್ಸ್ ಡಾಬ್ಸನ್, ಅಧ್ಯಕ್ಷರ ಸಲಹೆಗಾರ ಕಾರ್ಲ್ ರೋವ್ ತಮ್ಮೊಡನೆ ಮಾತನಾಡಿದ್ದನ್ನು ತಿಳಿಸಿ ಮೈಯರ್ಸ್ ಅವರಿಗೆ ಬೆಂಬಲ ಸೂಚಿಸಿದರು. ಧರ್ಮವು ಆಕೆಯ ಬದುಕಿನ ಒಂದು ಭಾಗವೆಂದು ಸ್ವತಃ ಬುಷ್ ಪತ್ರಕರ್ತರಿಗೆ ಹೇಳಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಅಮೆರಿಕದ ಸಂವಿಧಾನದ ಆರನೆಯ ವಿಧಿಯು ಯಾವುದೇ ಸಾರ್ವಜನಿಕ ಹುದ್ದೆಗೆ ಧರ್ಮವನ್ನು ಅರ್ಹತೆಯ ಪರೀಕ್ಷೆಯಾಗಿ ಇಡಬಾರದೆಂದು ವಿಧಿಸುತ್ತದೆ. ಧರ್ಮದ ಕಾರಣದಿಂದ ಒಬ್ಬರನ್ನು ಹೊರಗಿಡುವುದು ತಪ್ಪಾದರೆ ಧರ್ಮವನ್ನೇ ಶಿಫಾರಸು ಪತ್ರವಾಗಿ ಹಿಡಿಯುವುದು ಸರಿಯೇ? ಈ ಪ್ರಶ್ನೆಯನ್ನು ಕೇಳಿದವರಲ್ಲಿ ಅನೇಕರು ವಿಶ್ವಾಸವುಳ್ಳ ಕ್ರೈಸ್ತರೇ ಆಗಿದ್ದರು. ಸಾಮರ್ಥ್ಯದ ಬಗ್ಗೆ ಕೇಳಿದಾಗ ದೈವಭಕ್ತಿಯನ್ನು ತೋರಿಸಿದರೆ ಎರಡಕ್ಕೂ ಗೌರವ ಸಿಗುವುದಿಲ್ಲ ಎಂದು ಅವರಿಗೆ ಅನಿಸಿತ್ತು.

ಮುಂದಿನ ದಿನಗಳು ಮೈಯರ್ಸ್ ಅವರಿಗೆ ಕಷ್ಟದ ದಿನಗಳಾದವು. ಸೆನೆಟ್ಟಿನ ನ್ಯಾಯಾಂಗ ಸಮಿತಿ ಕಳುಹಿಸಿದ ಪ್ರಶ್ನಾವಳಿಗೆ ಅವರು ಕೊಟ್ಟ ಉತ್ತರಗಳು ಸಾಲವೆಂದು ಅಧ್ಯಕ್ಷ ಆರ್ಲೆನ್ ಸ್ಪೆಕ್ಟರ್ ಮತ್ತು ವಿರೋಧ ಪಕ್ಷದ ಪ್ಯಾಟ್ರಿಕ್ ಲೇಹಿ ಇಬ್ಬರೂ ಹೇಳಿ ಮತ್ತೆ ಬರೆದುಕೊಡುವಂತೆ ಕೇಳಿದರು. 1989ರ ನಗರಸಭಾ ಚುನಾವಣೆಯ ಕಾಲದ ಒಂದು ಕಾಗದ ಹೊರಬಂದಿತು. ತಾಯಿಯ ಜೀವ ಉಳಿಸುವ ಸಂದರ್ಭದ ಹೊರತು ಗರ್ಭಪಾತವನ್ನು ನಿಷೇಧಿಸುವ ಸಂವಿಧಾನ ತಿದ್ದುಪಡಿಗೆ ಅವರು ಅದರಲ್ಲಿ ಬೆಂಬಲ ಸೂಚಿಸಿದ್ದರು. ಅಕ್ಟೋಬರ್ 26ರಂದು 1993ರ ಒಂದು ಭಾಷಣ ಬೆಳಕಿಗೆ ಬಂದಿತು. ಇಂಥ ವಿಷಯಗಳಲ್ಲಿ ವ್ಯಕ್ತಿಯ ಸ್ವನಿರ್ಧಾರಕ್ಕೆ ಬೆಲೆ ಕೊಡಬೇಕೆಂಬ ಧ್ವನಿ ಅದರಲ್ಲಿತ್ತು. ಹೀಗೆ ಒಬ್ಬರೇ ಮಹಿಳೆಯ ಎರಡು ಕಾಗದಗಳು ಎರಡು ದಿಕ್ಕನ್ನು ತೋರಿಸಿದವು. ಅಂದೇ ಒಂದು ಪ್ರಮುಖ ಸಂಪ್ರದಾಯವಾದಿ ಮಹಿಳಾ ಸಂಘಟನೆಯು ಆಕೆಯ ಹೆಸರನ್ನು ಹಿಂತೆಗೆಯುವಂತೆ ಕೋರಿತು.

ಮರುದಿನ, ಅಕ್ಟೋಬರ್ 27ರಂದು, ಮೈಯರ್ಸ್ ಹಿಂದೆ ಸರಿದರು. ಅಧ್ಯಕ್ಷರಿಗೆ ತಾವು ಕೊಟ್ಟ ಗೋಪ್ಯ ಸಲಹೆಯ ಕಡತಗಳನ್ನು ಸೆನೆಟ್ ಕೇಳುತ್ತಿದೆ, ಅವನ್ನು ಕೊಡಲಾಗದು ಎಂಬ ಕಾರಣವನ್ನು ಮುಂದಿಟ್ಟರು. ಇಬ್ಬರಿಗೂ ಮಾನ ಉಳಿಯುವ ಈ ದಾರಿಯನ್ನು ಕೆಲವೇ ದಿನಗಳ ಹಿಂದೆ ಕ್ರೌಥಮರ್ ತಮ್ಮ ಅಂಕಣದಲ್ಲಿ ಸೂಚಿಸಿದ್ದರು. ಸೆನೆಟ್ ಸಮಿತಿಯ ಮುಂದೆ ನಿಂತು ತಾವು ಯಾರೆಂದು ಹೇಳುವ ಒಂದು ದಿನವೂ ಮೈಯರ್ಸ್ ಅವರಿಗೆ ಸಿಗಲಿಲ್ಲ.

ಬರಹದ ಸಾಕ್ಷಿ

ಅಕ್ಟೋಬರ್ 31ರಂದು ಬುಷ್ ಸ್ಯಾಮ್ಯುಯೆಲ್ ಅಲಿಟೊ ಅವರನ್ನು ಹೆಸರಿಸಿದರು. ಹದಿನೈದು ವರ್ಷ ಮೇಲ್ಮನವಿ ನ್ಯಾಯಾಲಯದಲ್ಲಿ ಕುಳಿತವರು. ಬರೆದ ತೀರ್ಪುಗಳು ನೂರಾರು. ಸಂವಿಧಾನದಲ್ಲಿ ಗರ್ಭಪಾತದ ಹಕ್ಕಿಲ್ಲವೆಂದು 1985ರಲ್ಲೇ ಒಂದು ಉದ್ಯೋಗದ ಅರ್ಜಿಯಲ್ಲಿ ಬರೆದಿದ್ದರು. ಚಳವಳಿಯವರಿಗೆ ಬೇಕಾಗಿದ್ದ ಬರಹದ ಸಾಕ್ಷಿ ದೊರೆತಂತಾಯಿತು. 2006ರ ಜನವರಿ 31ರಂದು 58 ಮತ್ತು 42 ಮತಗಳಿಂದ ಸೆನೆಟ್ ಅವರನ್ನು ಒಪ್ಪಿತು.

ಇದರ ಫಲ ಕಾಣಲು ಇನ್ನೂ ಹದಿನಾರು ವರ್ಷ ಬೇಕಾಯಿತು. 2016ರಲ್ಲಿ ಡೊನಾಲ್ಡ್ ಟ್ರಂಪ್ ತಾವು ಗೆದ್ದರೆ ನೇಮಿಸಬಹುದಾದ ಹನ್ನೊಂದು ಹೆಸರುಗಳ ಪಟ್ಟಿಯನ್ನು ಚುನಾವಣೆಗೆ ಮುನ್ನವೇ ಪ್ರಕಟಿಸಿದರು. ‘ನನ್ನನ್ನು ನಂಬಿ’ ಎಂಬ ಮಾತಿನ ಕಾಲ ಮುಗಿದಿತ್ತು. ಅವರ ಮೊದಲ ಅವಧಿಯಲ್ಲಿ ಮೂವರು ನ್ಯಾಯಮೂರ್ತಿಗಳು ನೇಮಕಗೊಂಡರು. 2022ರ ಜೂನ್ 24ರಂದು ‘ಡಾಬ್ಸ್’ ಮೊಕದ್ದಮೆಯಲ್ಲಿ ‘ರೋ’ ಮತ್ತು ‘ಕೇಸಿ’ ತೀರ್ಪುಗಳನ್ನು ನ್ಯಾಯಾಲಯ ರದ್ದುಪಡಿಸಿತು. ಬಹುಮತದ ತೀರ್ಪನ್ನು ಬರೆದವರು ಅಲಿಟೊ, ಅಂದರೆ ಮೈಯರ್ಸ್ ಅವರಿಗೆಂದು ಮೀಸಲಾಗಿದ್ದ ಪೀಠದಲ್ಲಿ ಕುಳಿತವರು.

ಏನನ್ನು ಕೇಳಬೇಕು?

ಆ ತೀರ್ಪಿನಿಂದ ಸಂತೋಷಪಟ್ಟವರು ನಮ್ಮಲ್ಲಿ ಅನೇಕರಿದ್ದಾರೆ. ಜೀವದ ಪಾವಿತ್ರ್ಯವನ್ನು ಕುರಿತ ಧರ್ಮಸಭೆಯ ಬೋಧನೆ ಅಚಲವಾದುದು. ಆದರೂ ಉದ್ದೇಶ ಒಳ್ಳೆಯದೆಂಬ ಮಾತ್ರಕ್ಕೆ ನಡೆದ ದಾರಿಯನ್ನು ಪರೀಕ್ಷಿಸದೆ ಬಿಡಲಾಗದು.

ಮೈಯರ್ಸ್ ಅವರನ್ನು ವಿರೋಧಿಸಿದವರಲ್ಲಿ ಎರಡು ಬಗೆಯವರಿದ್ದರು. ಆಕೆಗೆ ಸಾಕಷ್ಟು ಅನುಭವವಿಲ್ಲ ಎಂದವರು ಮೊದಲನೆಯವರು. ಅವರ ಮಾತಿನಲ್ಲಿ ಧೈರ್ಯವಿತ್ತು. ತಮ್ಮ ನಾಯಕನೇ ಆರಿಸಿದರೂ ತಪ್ಪನ್ನು ತಪ್ಪೆಂದರು. ಆಕೆ ನಮ್ಮ ಪರವಾಗಿಯೇ ತೀರ್ಪು ಕೊಡುತ್ತಾಳೆಂಬ ಖಾತರಿ ಇಲ್ಲ ಎಂದವರು ಎರಡನೆಯವರು. ಈ ಮಾತನ್ನು ನಾವು ಎಚ್ಚರದಿಂದ ಕೇಳಬೇಕು. ವಾದಿ ಪ್ರತಿವಾದಿಗಳು ಬಾಯಿ ತೆರೆಯುವ ಮೊದಲೇ ತೀರ್ಪನ್ನು ಭರವಸೆಯಾಗಿ ಕೊಟ್ಟವರ ಮುಂದೆ ನ್ಯಾಯ ಕೇಳುವುದಾದರೂ ಹೇಗೆ? ಎರಡೂ ಪಕ್ಷಗಳು ಇದೇ ಬಗೆಯ ಖಾತರಿಯನ್ನು ಬೇಡತೊಡಗಿದಾಗ ನ್ಯಾಯಾಲಯದ ಮೇಲೆ ಸಾಮಾನ್ಯ ಜನರಿಗಿರುವ ನಂಬಿಕೆ ಸವೆಯುತ್ತದೆ. ಅಂಥ ನಂಬಿಕೆ ಒಮ್ಮೆ ಹೋದರೆ ಬಲಹೀನರಿಗೆ ಉಳಿಯುವ ಆಸರೆ ಯಾವುದು?

ಇನ್ನು ಒಬ್ಬರ ವಿಶ್ವಾಸದಿಂದ ಅವರ ತೀರ್ಪನ್ನು ಊಹಿಸಬಹುದೇ? ಇತಿಹಾಸ ಇಲ್ಲವೆನ್ನುತ್ತದೆ. 1973ರ ಬಹುಮತದಲ್ಲಿದ್ದ ವಿಲಿಯಂ ಬ್ರೆನನ್ ಕಥೋಲಿಕರು. 1992ರಲ್ಲಿ ‘ರೋ’ ತೀರ್ಪನ್ನು ಉಳಿಸಿದ ಕೆನೆಡಿ ಕಥೋಲಿಕರು. ಅದನ್ನು ಕಟುವಾಗಿ ವಿರೋಧಿಸಿದ ಆಂಟೊನಿನ್ ಸ್ಕಾಲಿಯ ಸಹ ಕಥೋಲಿಕರು. 2022ರಲ್ಲಿ ಬಹುಮತದ ತೀರ್ಪು ಬರೆದ ಅಲಿಟೊ ಕಥೋಲಿಕರು. ಭಿನ್ನಮತ ಬರೆದವರಲ್ಲೊಬ್ಬರಾದ ಸೋನಿಯಾ ಸೊಟೊಮಯೋರ್ ಬೆಳೆದದ್ದೂ ಕಥೋಲಿಕ ಮನೆತನದಲ್ಲಿಯೇ. ಒಂದೇ ವಿಶ್ವಾಸದ ಮಡಿಲಲ್ಲಿ ಬೆಳೆದವರು ಕಾನೂನನ್ನು ಒಂದೇ ರೀತಿ ಓದಲಿಲ್ಲ. ಇದರಲ್ಲಿ ಯಾರು ಸರಿ ಎಂಬ ವಾದ ಬೇರೆ. ಆದರೆ ‘ನಮ್ಮವರು’ ಎಂಬ ಪದ ಯಾವ ಖಾತರಿಯನ್ನೂ ಕೊಡದು ಎಂಬುದಂತೂ ಸ್ಪಷ್ಟ.

ಪ್ರಿಯ ಓದುಗರೇ, ನ್ಯಾಯಮೂರ್ತಿಗಳನ್ನು ಆರಿಸುವ ಅಧಿಕಾರ ನಮ್ಮ ಕೈಯಲ್ಲಿಲ್ಲ. ಆದರೆ ಧರ್ಮಕೇಂದ್ರದ ಪಾಲನಾ ಸಮಿತಿಗೆ, ಶಾಲೆಯ ಆಡಳಿತ ಮಂಡಳಿಗೆ, ಊರಿನ ಪಂಚಾಯಿತಿಗೆ ನಾವು ಜನರನ್ನು ಆರಿಸುತ್ತೇವೆ. ಆಗ ನಮ್ಮ ಬಾಯಿಂದ ಮೊದಲು ಹೊರಡುವ ಪ್ರಶ್ನೆ ಯಾವುದು? ಇವರು ನಮ್ಮ ಕಡೆಯವರೇ ಎಂದೋ, ಅಥವಾ ನಮಗೆ ವಿರುದ್ಧವಾದರೂ ಸತ್ಯವನ್ನೇ ಹೇಳಬಲ್ಲವರೇ ಎಂದೋ? ಅರಣ್ಯದಲ್ಲಿ ಇತ್ರೋ ತನ್ನ ಅಳಿಯನಿಗೆ ಎಣಿಸಿ ಹೇಳಿದ ಆ ನಾಲ್ಕು ಗುಣಗಳನ್ನು ಮುಂದಿನ ಸಭೆಗೆ ಹೊರಡುವ ಮುನ್ನ ಮನೆಯವರೆಲ್ಲ ಕುಳಿತು ಒಮ್ಮೆ ಓದಿಕೊಳ್ಳೋಣ.