ಕುಮಾರಾಗಾರ: ಮನೆಯಲ್ಲಿ ಶಿಶುವಿನ ಎಡೆ

ಮನೆಯನ್ನು ಕಟ್ಟಿಸುವವನು ದೇವರಿಗೆ ಒಂದು ಕೋಣೆಯನ್ನೂ, ಧಾನ್ಯಕ್ಕೆ ಒಂದು ಕಣಜವನ್ನೂ, ಬಂದವರಿಗೆ ಒಂದು ಜಗಲಿಯನ್ನೂ ಮೊದಲೇ ಯೋಚಿಸಿ ಇಡುತ್ತಾನೆ. ದನಕರುಗಳಿಗೂ ಕೊಟ್ಟಿಗೆಯುಂಟು. ಆದರೆ ಆ ಮನೆಯಲ್ಲಿ ಹುಟ್ಟಲಿರುವ ಶಿಶುವಿಗೆ ಎಡೆ ಯಾವುದೆಂದು ಕೇಳಿದರೆ ಉತ್ತರವು ಒಡನೆಯೇ ದೊರೆಯದು. ಹೆರಿಗೆಯ ದಿನ ಹತ್ತಿರ ಬಂದಾಗ ಉಗ್ರಾಣದ ಮಗ್ಗುಲನ್ನೋ ನಡುಮನೆಯ ಮೂಲೆಯನ್ನೋ ತೆರವುಮಾಡಿ ಅದನ್ನೇ ಬಾಣಂತಿಯ ಕೋಣೆಯೆಂದು ಕರೆಯುವುದು ನಮ್ಮಲ್ಲಿ ಬಹುಕಾಲ ನಡೆದು ಬಂದ ವಾಡಿಕೆ.

ಇದು ಅಲ್ಪವಾದ ಗೃಹಕೃತ್ಯವೆಂದೂ, ಇತಿಹಾಸಕ್ಕೆ ತಕ್ಕ ವಿಷಯವಲ್ಲವೆಂದೂ ಕೆಲವರು ಎಣಿಸಬಹುದು. ಆದರೆ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಭಾರತದಲ್ಲಿ ಜೀವದೊಡನೆ ಹುಟ್ಟಿದ ಸಾವಿರ ಶಿಶುಗಳಲ್ಲಿ ಇನ್ನೂರರಷ್ಟು ಒಂದು ವರುಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದುವು. 2020ರ ಗಣನೆಯಂತೆ ಆ ಸಂಖ್ಯೆಯು 28ಕ್ಕೆ ಇಳಿದಿದ್ದಿತು. ಈ ಎರಡು ಅಂಕಿಗಳ ನಡುವೆ ಲಸಿಕೆ, ಆಸ್ಪತ್ರೆ, ಶುದ್ಧವಾದ ನೀರು, ತಾಯಂದಿರ ವಿದ್ಯೆ ಇವೆಲ್ಲವುಗಳ ಕಥೆ ಅಡಗಿದೆ. ಅವುಗಳೊಡನೆ, ಶಿಶುವು ಮಲಗುವ ಕೋಣೆಯ ಕಥೆಯೂ ಇದೆ. ಆ ಕೋಣೆಯ ಒಂದೊಂದು ನಿಯಮದ ಹಿಂದೆಯೂ ಎಷ್ಟೋ ತಾಯಂದಿರ ಕಣ್ಣೀರಿದೆ. ಆದುದರಿಂದ ಅದನ್ನು ಇತಿಹಾಸದ ದೃಷ್ಟಿಯಿಂದ ನೋಡುವುದು ಅನುಚಿತವಲ್ಲ.

ನಮ್ಮ ಹಳೆಯ ವೈದ್ಯಗ್ರಂಥಗಳಲ್ಲಿ ಪ್ರಮುಖವಾದ ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಎರಡು ಗೃಹಗಳ ಲಕ್ಷಣಗಳನ್ನು ಬೇರೆಬೇರೆಯಾಗಿ ಹೇಳಿದೆ. ಒಂದು ಸೂತಿಕಾಗಾರ, ಎಂದರೆ ಹೆರಿಗೆಯ ಮನೆ. ಇನ್ನೊಂದು ಕುಮಾರಾಗಾರ, ಎಂದರೆ ಶಿಶುವಿನ ಮನೆ. ಸೂತಿಕಾಗಾರವನ್ನು ಒಂಬತ್ತನೆಯ ತಿಂಗಳಿಗೆ ಮೊದಲೇ ಸಿದ್ಧಪಡಿಸಿಕೊಳ್ಳಬೇಕು. ಎಲುಬು, ಮರಳುಗಲ್ಲು, ಬೋಕಿಗಳನ್ನು ತೆಗೆದುಹಾಕಿದ ನೆಲವಿರಬೇಕು. ಸುಶ್ರುತಸಂಹಿತೆಯಾದರೋ ಅದರ ಅಳತೆಯನ್ನೂ ಕೊಡುತ್ತದೆ: ಉದ್ದ ಎಂಟು ಮೊಳ, ಅಗಲ ನಾಲ್ಕು ಮೊಳ. ಇಂದಿನ ಲೆಕ್ಕದಲ್ಲಿ ಸುಮಾರು 12 ಅಡಿ ಉದ್ದ, 6 ಅಡಿ ಅಗಲ.

ಆದರೆ ನಮ್ಮ ಕುತೂಹಲವನ್ನು ಹೆಚ್ಚಾಗಿ ಸೆಳೆಯುವುದು ಚರಕನ ಕುಮಾರಾಗಾರ. ಅದನ್ನು ವಾಸ್ತುವಿದ್ಯೆ ಬಲ್ಲವನು ಕಟ್ಟಿರಬೇಕಂತೆ. ಅದು ಗಟ್ಟಿಯಾಗಿರಬೇಕು, ಕತ್ತಲೆಯಿಲ್ಲದಿರಬೇಕು. ಗಾಳಿಯು ನಾಲ್ಕೂ ಕಡೆಯಿಂದ ನುಗ್ಗಬಾರದು. ಆದರೆ ಒಂದು ಕಡೆಯಿಂದ ಗಾಳಿಯಾಡುತ್ತಿರಬೇಕು. ನಾಯಿ ಮೊದಲಾದ ಪ್ರಾಣಿಗಳೂ ಇಲಿಗಳೂ ಹುಳುಹುಪ್ಪಟೆಗಳೂ ಒಳಗೆ ಬಾರದಂತಿರಬೇಕು. ನೀರಿಗೆ, ಸ್ನಾನಕ್ಕೆ, ಅಡಿಗೆಗೆ, ಮಲಮೂತ್ರಗಳಿಗೆ ಸ್ಥಳವು ಸರಿಯಾಗಿ ವಿಭಾಗವಾಗಿರಬೇಕು. ಋತುವಿಗೆ ತಕ್ಕಂತೆ ಸುಖವಾಗಿರಬೇಕು. ಶಿಶುವಿನ ಹಾಸಿಗೆ ಹೊದಿಕೆಗಳು ಮೆತ್ತಗೆ, ಹಗುರವಾಗಿ, ಶುಚಿಯಾಗಿರಬೇಕು. ಬೆವರು, ಕೊಳೆ, ಕ್ರಿಮಿ, ಮಲಮೂತ್ರಗಳು ತಗಲಿದ ಬಟ್ಟೆಗಳನ್ನು ತ್ಯಜಿಸಬೇಕು. ಬೇರೆ ಬಟ್ಟೆಯಿಲ್ಲದಿದ್ದರೆ ಅವನ್ನೇ ಚೆನ್ನಾಗಿ ಒಗೆದು, ಧೂಪ ಹಾಕಿ, ಒಣಗಿಸಿ ಬಳಸಬಹುದು. ಬಡವನ ಮನೆಯನ್ನೂ ನೆನೆದು ಬರೆದಂತಿರುವ ಈ ಕೊನೆಯ ಮಾತು ಎಷ್ಟು ವಿವೇಕವುಳ್ಳದ್ದು!

ಆಟಿಕೆಗಳ ವಿಷಯದಲ್ಲಿಯೂ ಆತನು ಹೇಳಿರುವುದು ಗಮನಾರ್ಹವಾಗಿದೆ. ಅವು ಬಣ್ಣಬಣ್ಣವಾಗಿ, ದನಿಮಾಡುವಂತೆ, ಮನಸ್ಸಿಗೆ ಹಿತವಾಗಿ ಇರಬೇಕು. ಭಾರವಾಗಿರಬಾರದು, ತುದಿ ಚೂಪಾಗಿರಬಾರದು, ಬಾಯೊಳಗೆ ಹೋಗುವಂತಿರಬಾರದು, ಪ್ರಾಣಾಪಾಯ ಮಾಡಬಾರದು, ಹೆದರಿಸುವಂತಿರಬಾರದು. ಮಗುವು ಅತ್ತರೆ, ಉಣ್ಣದೆ ಹಟ ಹಿಡಿದರೆ, ರಾಕ್ಷಸ ಪಿಶಾಚಿಗಳ ಹೆಸರು ಹೇಳಿ ಬೆದರಿಸಬಾರದೆಂದೂ ಎಚ್ಚರಿಕೆಯುಂಟು. ಗುಮ್ಮನನ್ನು ಕರೆದು ತುತ್ತು ತಿನ್ನಿಸುವ ನಾವು ಇದನ್ನು ಓದಿ ನಾಚಬೇಕಾಗಿದೆ.

ಇಷ್ಟನ್ನು ಕೇಳಿದೊಡನೆ, ಪೂರ್ವಿಕರಿಗೆ ತಿಳಿಯದಿದ್ದುದು ಒಂದೂ ಇಲ್ಲವೆಂದು ಡಂಗುರ ಸಾರುವವರುಂಟು. ಅದು ಸತ್ಯಕ್ಕೆ ಒಪ್ಪದು. ಅದೇ ಅಧ್ಯಾಯದಲ್ಲಿ ಗುಗ್ಗುಳ, ಸಾಸುವೆ, ಇಂಗು, ಬಜೆಗಳ ಜೊತೆಗೆ ಹಾವಿನ ಪೊರೆಯನ್ನೂ ಧೂಪಕ್ಕೆ ಹೇಳಿದೆ. ಹೊಕ್ಕಳುಬಳ್ಳಿಯನ್ನು ಎಂಟು ಅಂಗುಲ ಬಿಟ್ಟು, ಚಿನ್ನ, ಬೆಳ್ಳಿ ಅಥವಾ ಕಬ್ಬಿಣದ ಹರಿತವಾದ ಆಯುಧದಿಂದ ಕತ್ತರಿಸಬೇಕೆಂದಿದೆ; ಆ ಆಯುಧವನ್ನು ಕುದಿಸಬೇಕೆಂಬ ಮಾತಿಲ್ಲ. ರೋಗವನ್ನು ತರುವ ಜೀವಾಣುಗಳ ಸ್ಪಷ್ಟವಾದ ಅರಿವು ಆ ಕಾಲಕ್ಕೆ ಇರಲಿಲ್ಲ. ಅಲ್ಲದೆ, ಇಂತಹ ಗೃಹವನ್ನು ಕಟ್ಟಿಸಬಲ್ಲವರು ಶ್ರೀಮಂತರೇ ಸರಿ. ಹೀಗಿದ್ದರೂ ಆ ವೈದ್ಯನು ಶಿಶುವನ್ನು ಕಣ್ಣಾರೆ ನೋಡಿ ಬರೆದನೆಂಬುದರಲ್ಲಿ ಸಂದೇಹವಿಲ್ಲ. ಬೆಳಕು, ಮಿತವಾದ ಗಾಳಿ, ಒಗೆದ ಬಟ್ಟೆ, ಬಾಯಿಗೆ ಹೋಗದ ಆಟಿಕೆ: ಇವು ಶಾಸ್ತ್ರದ ತರ್ಕದಿಂದ ಮಾತ್ರ ಹುಟ್ಟುವ ನಿಯಮಗಳಲ್ಲ.

ಹಾಗಾದರೆ ಆ ಬೆಳಕಿನ ಮನೆ ಎಲ್ಲಿ ಹೋಯಿತು? ನಮ್ಮ ಹಿರಿಯರು ಕಂಡ ಬಾಣಂತಿ ಕೋಣೆಯನ್ನು ವಾಚಕರು ನೆನಪಿಗೆ ತಂದುಕೊಳ್ಳಲಿ. ಕಿಟಕಿಯಿಲ್ಲದ, ಇದ್ದರೂ ಗೋಣಿಯಿಂದ ಮುಚ್ಚಿದ ಕೋಣೆ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಸಾಂಬ್ರಾಣಿಯ ಹೊಗೆ, ಶೀತವಾದೀತು, ದೃಷ್ಟಿ ತಾಗೀತು ಎಂಬ ಭಯ. ಇದರಲ್ಲಿ ಒಳ್ಳೆಯದು ಏನೂ ಇರಲಿಲ್ಲವೆಂದು ಹೇಳಲಾಗದು. ತಾಯಿಗೆ ದುಡಿಮೆಯಿಂದ ಬಿಡುವು ದೊರೆಯುತ್ತಿದ್ದಿತು. ಹೊರಗಿನವರು ಒಳಗೆ ಬಾರದಿದ್ದುದರಿಂದ ಅಂಟುರೋಗಗಳು ದೂರವಿದ್ದುವು. ಶಿಶುವು ಬೆಚ್ಚಗಿರುತ್ತಿದ್ದಿತು, ಎಳೆಯ ಮೈಗೆ ಬಿಸುಪು ಅತ್ಯವಶ್ಯವೆಂಬುದನ್ನು ಇಂದಿನ ವೈದ್ಯರೂ ಒಪ್ಪುತ್ತಾರೆ. ಆದರೆ ಮುಚ್ಚಿದ ಕೋಣೆಯಲ್ಲಿ ಕೆಂಡವು ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ, ಬಣ್ಣ ವಾಸನೆಗಳಿಲ್ಲದ ವಿಷವಾಯು ಹುಟ್ಟುತ್ತದೆ. ಹೊಗೆಯು ಶಿಶುವಿನ ಎಳೆಯ ಶ್ವಾಸಕೋಶವನ್ನು ಕೆಡಿಸುತ್ತದೆ. ಬಿಸುಪನ್ನು ಕೊಡಹೋಗಿ ಉಸಿರನ್ನು ಕಿತ್ತುಕೊಂಡಂತಾಯಿತು.

ಇದಕ್ಕಿಂತಲೂ ಹೆಚ್ಚಿನ ಕೇಡನ್ನು ಮಾಡಿದುದು ಮೈಲಿಗೆಯ ಭಾವನೆ. ಹೆರಿಗೆಯು ಸೂತಕವಾದುದರಿಂದ ಅಲ್ಲಿ ಬಳಸಿದುದೆಲ್ಲವನ್ನೂ ಎಸೆಯಬೇಕು. ಎಸೆಯಬೇಕಾದುದಕ್ಕೆ ಒಳ್ಳೆಯದನ್ನೇಕೆ ಕೊಡಬೇಕು? ಹೀಗೆ ಯೋಚಿಸಿ ಹರಕು ಚಾಪೆ, ಹಳೆಯ ಕಂಬಳಿ, ಮೂಲೆಯಲ್ಲಿ ಬಿದ್ದಿದ್ದ ಬಟ್ಟೆಗಳನ್ನು ಆ ಕೋಣೆಗೆ ಸೇರಿಸಿದ ಮನೆಗಳು ಎಷ್ಟೋ ಇದ್ದುವು. ಮನೆಯಲ್ಲಿ ಯಾರಿಗೆ ಅತ್ಯಂತ ಶುಚಿಯಾದ ಅರಿವೆ ಬೇಕೋ ಅವರಿಗೇ ಅತ್ಯಂತ ಕೊಳಕಾದುದು ದೊರೆಯಿತು. ಹೊಕ್ಕಳನ್ನು ಕೈಗೆ ಸಿಕ್ಕಿದ ಕುಡುಗೋಲಿನಿಂದ ಕೊಯ್ದು, ಗಾಯಕ್ಕೆ ಬೂದಿಯನ್ನೋ ಸಗಣಿಯನ್ನೋ ಮೆತ್ತುವುದು ಹಲವೆಡೆಗಳಲ್ಲಿ ರೂಢಿಯಾಗಿದ್ದಿತು. ಕೆಲವು ದಿನಗಳಲ್ಲಿ ಶಿಶುವು ಮೊಲೆಯುಣ್ಣಲಾರದೆ, ದವಡೆ ಕಚ್ಚಿ, ಬಿಲ್ಲಿನಂತೆ ಸೆಟೆದು ಸಾಯುತ್ತಿದ್ದಿತು. ಅದನ್ನು ಗ್ರಹದ ಕಾಟವೆಂದು ತಿಳಿದು ಮಂತ್ರವಾದಿಯನ್ನು ಕರೆಯುತ್ತಿದ್ದರು. ಅದು ಧನುರ್ವಾಯು. ಮಣ್ಣು ಸಗಣಿಗಳಲ್ಲಿರುವ ಒಂದು ಜೀವಾಣುವಿನಿಂದ ಅದು ಬರುವುದು. ಆ ಜೀವಾಣುವನ್ನು ಜಪಾನಿನ ಕಿತಾಸಾತೋ ಎಂಬ ವಿದ್ವಾಂಸನು 1889ರಲ್ಲಿ ಶುದ್ಧರೂಪದಲ್ಲಿ ಬೆಳೆಸಿ ತೋರಿಸಿದನು. ಗರ್ಭಿಣಿಯರಿಗೆ ಲಸಿಕೆ, ಕುದಿಸಿದ ಅಲಗು, ತೊಳೆದ ಕೈ: ಇವು ಮನೆಮನೆಗೂ ಮುಟ್ಟಲು ಮುಂದೆ ನೂರಕ್ಕಿಂತ ಹೆಚ್ಚು ವರುಷಗಳು ಹಿಡಿದುವು. ಭಾರತದಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವು ನಿವಾರಣೆಯಾದ ಮಟ್ಟಕ್ಕೆ ಇಳಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಒಪ್ಪಿಕೊಂಡುದು 2015ರಲ್ಲಿ.

ಈ ಅಜ್ಞಾನವು ನಮಗೆ ಮಾತ್ರ ಸೇರಿದುದೆಂದು ತಿಳಿಯಬಾರದು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಿರಿವಂತರು ಮನೆಯ ಮೇಲಂತಸ್ತಿನಲ್ಲಿ ಮಕ್ಕಳಿಗೆಂದೇ ಕೋಣೆಗಳನ್ನು ಕಟ್ಟಿಸಿ, ಕಿಟಕಿಗೆ ಸರಳುಗಳನ್ನೂ ಬೆಂಕಿಗೂಡಿಗೆ ಜಾಲರಿಯನ್ನೂ ಹಾಕಿಸುತ್ತಿದ್ದರು. ಇಷ್ಟು ಎಚ್ಚರಿಕೆಯಿದ್ದ ಕಾಲದಲ್ಲಿಯೇ ಗೋಡೆಗಳಿಗೆ ಅಂಟಿಸುತ್ತಿದ್ದ ಹಸುರು ಕಾಗದದ ಬಣ್ಣದಲ್ಲಿ ಅನೇಕವೇಳೆ ಪಾಷಾಣವಿರುತ್ತಿದ್ದಿತು. ಶಿಶುವಿಗೆ ಹಾಲೂಡಲು ಉದ್ದವಾದ ರಬ್ಬರು ಕೊಳವೆಯ ಸೀಸೆಗಳು ಬಂದುವು. ಮಗುವು ತಾನಾಗಿಯೇ ಚೀಪಿಕೊಳ್ಳುವುದೆಂದು ದಾದಿಯರಿಗೆ ಅವು ಪ್ರಿಯವಾದುವು. ಆದರೆ ಕೊಳವೆಯ ಒಳಭಾಗವನ್ನು ತೊಳೆಯಲು ಬಾರದು. ಅಲ್ಲಿ ಹಾಲು ಹುಳಿತು ನಂಜಾಗುತ್ತಿದ್ದಿತು. ಅಸಂಖ್ಯ ಶಿಶುಗಳು ಭೇದಿಯಿಂದ ಸತ್ತ ಮೇಲೆ ಫ್ರಾನ್ಸ್ ದೇಶವು 1910ರಲ್ಲಿ ಅಂತಹ ಸೀಸೆಗಳನ್ನು ಕಾನೂನಿನಿಂದ ನಿಷೇಧಿಸಿತು. ನಮ್ಮ ಮನೆಗಳ ಒಳಲೆಯನ್ನು ಇದರೊಡನೆ ಹೋಲಿಸಿ ನೋಡಬೇಕು. ಬಾಯಿ ತೆರೆದ ಆ ಪುಟ್ಟ ಪಾತ್ರೆಯಲ್ಲಿ ಕೊಳೆ ಅಡಗಲು ಎಡೆಯಿಲ್ಲ. ತೊಳೆಯುವುದೂ ಕುದಿಸುವುದೂ ಸುಲಭ. ಆದುದರಿಂದಲೇ ಮೊಲೆ ಚೀಪಲಾರದಷ್ಟು ಕಡಮೆ ತೂಕದ ಶಿಶುಗಳಿಗೆ ತಾಯಿಯ ಹಾಲನ್ನು ಕುಡಿಸಲು ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಅದು ಉಪಯೋಗದಲ್ಲಿದೆ.

ಕಿಟಕಿಯನ್ನು ತೆರೆಯಿರೆಂದು ಆ ಶತಮಾನದಲ್ಲಿ ಬಲವಾಗಿ ವಾದಿಸಿದವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಎಂಬಾಕೆ ಮುಖ್ಯಳು. 1859ರಲ್ಲಿ ಆಕೆಯು ರೋಗಿಗಳ ಶುಶ್ರೂಷೆಯ ಮೇಲೆ ಒಂದು ಪುಸ್ತಕವನ್ನು ಬರೆದಳು. 1861ರಲ್ಲಿ ಬಡಜನರಿಗಾಗಿ ಅದನ್ನು ಮತ್ತೆ ಅಚ್ಚುಹಾಕಿಸಿದಾಗ, ತಮ್ಮ ತಂಗಿಯರನ್ನು ಎತ್ತಿಕೊಂಡು ನೋಡಿಕೊಳ್ಳುವ ಹುಡುಗಿಯರನ್ನುದ್ದೇಶಿಸಿ ಶಿಶುಪಾಲನೆಯ ಅಧ್ಯಾಯವೊಂದನ್ನು ಸೇರಿಸಿದಳು. ಆಕೆಗೂ ಆಗ ಜೀವಾಣುಗಳ ವಿಷಯ ತಿಳಿದಿರಲಿಲ್ಲ. ಚರಕನಂತೆಯೇ ಆಕೆಯೂ ಕಾರಣವನ್ನು ಪೂರ್ತಿಯಾಗಿ ಅರಿಯದೆ, ನೋಟದಿಂದ ನಿಯಮವನ್ನು ಕಂಡುಕೊಂಡಳು.

ಇನ್ನು ತೊಟ್ಟಿಲಿನ ವಿಚಾರ. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲುಗಳು ನಮ್ಮ ನಾಡಿನಲ್ಲಿ ಹೆಸರಾದುವು. ಚಿತ್ರಗಾರ ಮನೆತನದವರು ಸಾಗುವಾನಿ ಮರದಲ್ಲಿ ಮಾಡಿ, ರಾಮಾಯಣದ ಮತ್ತು ಕೃಷ್ಣಲೀಲೆಯ ಚಿತ್ರಗಳನ್ನು ಬರೆದು, ಅರಗಿನ ಹೊಳಪು ಕೊಡುವರು. ತವರಿನವರು ಮಗಳ ಚೊಚ್ಚಲ ಮಗುವಿಗೆ ಅದನ್ನು ಕೊಟ್ಟರೆ, ಅದು ತಲೆಮಾರುಗಳವರೆಗೆ ಆ ಮನೆಯಲ್ಲಿ ಉಳಿಯುವುದು. ತೊಟ್ಟಿಲು ಶಿಶುವನ್ನು ನೆಲದ ತೇವದಿಂದಲೂ ಇರುವೆ ಚೇಳುಗಳಿಂದಲೂ ಎತ್ತಿ ಹಿಡಿಯುತ್ತದೆ. ಬಡವರ ಮನೆಯಲ್ಲಿ ತೊಲೆಗೆ ಕಟ್ಟಿದ ಸೀರೆಯ ಜೋಲಿಯೇ ಈ ಕೆಲಸವನ್ನು ಮಾಡಿದೆ.

ಆದರೆ ಅಂದವೂ ಮಮತೆಯೂ ಇದ್ದ ಮಾತ್ರಕ್ಕೆ ಅಪಾಯವು ತಪ್ಪದು. ಮಗುವು ಮಗ್ಗುಲಾಗಲು ಕಲಿತ ಮೇಲೆ ಜೋಲಿಯಿಂದ ಬೀಳುವುದುಂಟು. ಸ್ವಲ್ಪ ದೊಡ್ಡ ಮಕ್ಕಳು ಅದರಲ್ಲಿ ಆಡುತ್ತ ಬಟ್ಟೆಯನ್ನು ಕೊರಳಿಗೆ ಸುತ್ತಿಕೊಳ್ಳುವುದುಂಟು. ಸರಳುಗಳ ಮಂಚದಲ್ಲಿ ಸಂದು ಅಗಲವಾಗಿದ್ದರೆ ಮೈಯೆಲ್ಲ ನುಸುಳಿ ತಲೆಯು ಸಿಕ್ಕಿಕೊಳ್ಳುವುದು. ಹೀಗೆ ಶಿಶುಗಳು ಸತ್ತುದರಿಂದ ಅಮೇರಿಕಾದಲ್ಲಿ 1973ರಲ್ಲಿ ನಿಯಮವನ್ನು ಮಾಡಿ, ಸಂದು ಸುಮಾರು 6 ಸೆಂಟಿಮೀಟರಿಗಿಂತ ಹೆಚ್ಚಿರಬಾರದೆಂದು ಗೊತ್ತುಪಡಿಸಿದರು. ಒಂದು ಮಗ್ಗುಲು ಕೆಳಗೆ ಜಾರುವ ಮಂಚಗಳನ್ನು 2011ರಲ್ಲಿ ಅಲ್ಲಿ ನಿಲ್ಲಿಸಿಬಿಟ್ಟರು. ಮಲಗಿಸುವ ರೀತಿಯ ಕಥೆಯು ಇದಕ್ಕಿಂತ ದಾರುಣವಾದುದು. 1950ರ ದಶಕದಿಂದ ಪಾಶ್ಚಾತ್ಯ ದೇಶಗಳಲ್ಲಿ ಶಿಶುವನ್ನು ಬೋರಲಾಗಿ ಮಲಗಿಸಿರೆಂದು ಹೆಸರಾಂತ ವೈದ್ಯರೇ ಹೇಳತೊಡಗಿದರು. ನಿದ್ದೆಯಲ್ಲಿಯೇ ಸಾಯುವ ಶಿಶುಗಳಿಗೂ ಆ ರೀತಿಗೂ ಸಂಬಂಧವಿದೆಯೆಂಬುದು ಸ್ಪಷ್ಟವಾಗಲು ದಶಕಗಳು ಕಳೆದುವು. ಶಿಶುವನ್ನು ಅಂಗಾತವಾಗಿ ಮಲಗಿಸಬೇಕೆಂದು 1991ರಲ್ಲಿ ಇಂಗ್ಲೆಂಡಿನಲ್ಲಿಯೂ 1994ರಲ್ಲಿ ಅಮೇರಿಕಾದಲ್ಲಿಯೂ ದೊಡ್ಡ ಪ್ರಚಾರವು ನಡೆಯಿತು. ಮುಂದಿನ ವರುಷಗಳಲ್ಲಿ ಅಂತಹ ಮರಣಗಳು ಅರ್ಧಕ್ಕಿಂತಲೂ ಕಡಮೆಯಾದುವು. ನಮ್ಮ ಅಜ್ಜಿಯರು ತೊಟ್ಟಿಲಲ್ಲಿ ಮಗುವನ್ನು ಅಂಗಾತವಾಗಿಯೇ ಮಲಗಿಸಿದರು. ಆದರೆ ಸುತ್ತಲೂ ಮೆತ್ತನೆಯ ದಿಂಬುಗಳನ್ನಿಟ್ಟು ಕೊರಳಲ್ಲಿ ದಾರ ಸರಗಳನ್ನೂ ಉಳಿಸಿದರು. ಇವು ಉಸಿರಿಗೆ ಅಡ್ಡಿಯೆಂದು ಇಂದಿನ ವೈದ್ಯರ ಎಚ್ಚರಿಕೆ. ಹಾಸಿಗೆಯು ಸಮನಾಗಿ ಗಟ್ಟಿಯಾಗಿರಬೇಕೆಂದೂ, ಬರಿದಾಗಿರಬೇಕೆಂದೂ ಅವರು ಹೇಳುತ್ತಾರೆ. ಮೆತ್ತನೆಯ ಹಾಸಿಗೆಯನ್ನು ಹೊಗಳಿದ ಚರಕನನ್ನು ಇಲ್ಲಿ ನಾವು ತಿದ್ದಿಕೊಳ್ಳಬೇಕು. ತಿದ್ದಿಕೊಳ್ಳುವುದರಿಂದ ಆತನ ಗೌರವಕ್ಕೆ ಕುಂದಿಲ್ಲ.

ಬಾಯೊಳಗೆ ಹೋಗದ, ಪ್ರಾಣಾಪಾಯವಿಲ್ಲದ ಆಟಿಕೆಯೆಂಬ ಆತನ ಮಾತಾದರೋ ಇಂದು ರಾಜಶಾಸನವಾಗಿದೆ. ಗೃಹೋಪಯೋಗದ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗಗಳಿಗಿಂತ ಹೆಚ್ಚಿರಬಾರದೆಂಬ 2016ರ ನಿಯಮವು 2017ರಿಂದ ನಮ್ಮ ದೇಶದಲ್ಲಿ ಜಾರಿಗೆ ಬಂದಿತು. ಆಟಿಕೆಗಳು ಗೊತ್ತಾದ ಗುಣಮಟ್ಟಕ್ಕೆ ಸರಿಹೊಂದಿರಲೇಬೇಕೆಂಬ ಆಜ್ಞೆಯು 2021ರ ಜನವರಿ 1ರಿಂದ ನಡೆಯತೊಡಗಿತು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂದಿಸುವುದು. ಮಕ್ಕಳೋ ಸಿಕ್ಕಿದುದನ್ನೆಲ್ಲ ಬಾಯಿಗಿಡುವವರು. ಚನ್ನಪಟ್ಟಣದ ಕುಶಲಿಗಳು ಹಾಲೆಯ ಮರವನ್ನು ಕಡೆದು, ಗಿಡಮೂಲದ ಬಣ್ಣವನ್ನು ಅರಗಿನಲ್ಲಿ ಬೆರೆಸಿ ಮಾಡುವ ನುಣ್ಣನೆಯ ಗಿಲಕಿಯನ್ನು ನೋಡಿದಾಗ, ಹಳೆಯ ಲಕ್ಷಣವೂ ಹೊಸ ಶಾಸನವೂ ಒಂದೇ ವಸ್ತುವಿನಲ್ಲಿ ಕೂಡಿದಂತೆ ತೋರುವುದು.

ಈ ಇತಿಹಾಸದಿಂದ ತಿಳಿಯುವುದೇನು? ಒಳ್ಳೆಯ ನಿಯಮವು ಒಮ್ಮೆ ಬರೆದಿಟ್ಟ ಮಾತ್ರಕ್ಕೆ ಉಳಿಯುವುದಿಲ್ಲ. ಕುಮಾರಾಗಾರದ ಲಕ್ಷಣವು ತಾಳೆಯೋಲೆಯಲ್ಲಿ ಭದ್ರವಾಗಿದ್ದಾಗಲೇ ಮನೆಯ ಕೋಣೆಯು ಕತ್ತಲಾಯಿತು. ಅಂದಿನವರು ಪ್ರೀತಿಯಿಲ್ಲದವರಲ್ಲ, ಪ್ರೀತಿಯಿಂದಲೇ ಕಿಟಕಿಯನ್ನು ಮುಚ್ಚಿದರು, ಪ್ರೀತಿಯಿಂದಲೇ ಕೆಂಡವನ್ನು ಹಾಕಿದರು. ಪ್ರೀತಿಯೊಡನೆ ನೋಟವೂ ಇರಬೇಕಾಗಿದ್ದಿತು.

ಇಂದಿನ ಚಿಕ್ಕ ಮನೆಗಳಲ್ಲಿ ಶಿಶುವಿಗೆ ಬೇರೆ ಕೋಣೆ ಎಲ್ಲರಿಗೂ ಸಾಧ್ಯವಿಲ್ಲ, ಅವಶ್ಯವೂ ಅಲ್ಲ. ಎಳೆಯ ಶಿಶುವು ತಾಯಿಯ ಕೋಣೆಯಲ್ಲಿಯೇ, ಅವಳ ಮಂಚದ ಬಳಿಯಲ್ಲಿ, ತನ್ನದೇ ಆದ ಹಾಸಿಗೆಯಲ್ಲಿ ಮಲಗುವುದು ಲೇಸೆಂದು ವೈದ್ಯರ ಮತ. ಹೊಗೆಯಿಲ್ಲದ ಗಾಳಿ, ಹಗಲಿನ ಬೆಳಕು, ಒಗೆದು ಬಿಸಿಲಿನಲ್ಲಿ ಒಣಗಿಸಿದ ಬಟ್ಟೆ, ದಿಂಬಿಲ್ಲದ ಸಮನಾದ ಹಾಸಿಗೆ, ಮುಟ್ಟುವ ಮುನ್ನ ತೊಳೆದ ಕೈ: ಇಷ್ಟಿದ್ದರೆ ಗುಡಿಸಲಿನ ಒಂದು ಮೂಲೆಯೂ ಕುಮಾರಾಗಾರವೇ. ಇಷ್ಟಿಲ್ಲದಿದ್ದರೆ, ಗೋಡೆಗೆ ಚಿತ್ರ ಬರೆಯಿಸಿ ಸಾವಿರಾರು ರೂಪಾಯಿಗಳ ಸಾಮಾನುಗಳನ್ನು ತುಂಬಿದ ಕೋಣೆಯೂ ಹಿಂದಿನ ಕತ್ತಲೆಯ ಕೋಣೆಯ ಸೋದರಿಯೇ ಸರಿ. ಮಗುವು ಹುಟ್ಟುವ ಮನೆಯ ಹಿರಿಯರು ಆ ಮೂಲೆಗೆ ಒಮ್ಮೆ ಹೋಗಿ, ನೆಲದ ಮೇಲೆ ಕುಳಿತು, ಶಿಶುವಿನ ಎತ್ತರದಿಂದ ಸುತ್ತಲೂ ನೋಡಲಿ. ಎರಡು ಸಾವಿರ ವರುಷಗಳ ಹಿಂದೆ ಆ ವೈದ್ಯನು ನೋಡಿದುದೂ ಹಾಗೆಯೇ ಇರಬೇಕು.